ಇಂಟರ್‌ವ್ಯೂಗೆ ಒಂದು ಒಡಪು

"ಪೇಶಂಟ್ ನಗಬಾರದು" ಎಂದಳು ಅವ್ವ.

ರಾಧಿಕಾ ತುಟಿ ಕಚ್ಚಿ ನಗು ತಡೆದಳು. ಅಂಗಳದ ಹೊರಸಿನ ಮೇಲೆ ಅವಳು ಅಂಗಾತ ಮಲಗಿದ್ದಳು. ತಲೆಗೆ ಬ್ಯಾಂಡೇಜು, ಬಲಗೈಗೆ ಬ್ಯಾಂಡೇಜು, ಎಡಗಾಲಿನ ಹೆಬ್ಬೆರಳಿಗೂ ಒಂದು ಬ್ಯಾಂಡೇಜು. ಎಲ್ಲವೂ ಹಳೆಯ ಸೀರೆ ಹರಿದು ಮಾಡಿದ ಪಟ್ಟಿಗಳು. ಅವ್ವ ಅವಳ ಎಡಗೈಗೆ ಬಿಪಿ ಮಷೀನಿನ ಪಟ್ಟಿ ಸುತ್ತಿ ರಬ್ಬರಿನ ಉಂಡೆ ಒತ್ತುತ್ತಿದ್ದಳು. ಪಟ್ಟಿ ಬಿಗಿಯಾದಂತೆಲ್ಲ ರಾಧಿಕಾಳಿಗೆ ಕಚಗುಳಿ ಏರುತ್ತಿತ್ತು.

ಕಟ್ಟೆಯ ಮೇಲೆ ಕೂತು ಆಯಿ ತೊಗರಿ ಹಸನು ಮಾಡುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ, ಅಂಜನಾಬಾಯಿ. ಮೈತುಂಬ ಇಷ್ಟು ಗಾಯ ಆದ ಹುಡುಗಿ ಬೆಳಿಗ್ಗೆ ಮೂರು ರೊಟ್ಟಿ ಹ್ಯಾಗೆ ತಿಂದಳು ಎನ್ನುವುದು ಅವಳ ಅನುಮಾನ.

ರಾಧಿಕಾ ಶಾಲೆಗೆ ಸೇರಿದ ಮೇಲೆ ಅವ್ವನೂ ಒಂದು ಶಾಲೆಗೆ ಸೇರಿದ್ದಳು. ದಿನಾ ಬಸ್ಸು ಹಿಡಿದು ಹೋಗಿ ನರ್ಸಿಂಗ್ ಕೋರ್ಸ್ ಮುಗಿಸಿದ್ದಳು. ಸರ್ಟಿಫಿಕೇಟು ಕೈಗೆ ಬಂದಿತ್ತು, ನೌಕರಿ ಬಂದಿರಲಿಲ್ಲ. ಬರುವ ಸೋಮವಾರ ಬೀದರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಇಂಟರ್‌ವ್ಯೂ ಇತ್ತು. ಮೊದಲು ಪ್ರಶ್ನೆ ಕೇಳುತ್ತಾರೆ, ಆಮೇಲೆ ಬ್ಯಾಂಡೇಜು ಕಟ್ಟು, ಬಿಪಿ ನೋಡು ಎಂದು ಮಾಡಿಸಿ ನೋಡುತ್ತಾರೆ. ಅದಕ್ಕೇ ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಶಾಲುಬಾಯಿ ತನ್ನ ಬಿಪಿ ಮಷೀನು ಕೊಟ್ಟಿದ್ದಳು.

ಬ್ಯಾಂಡೇಜು ಕಟ್ಟುವುದರಲ್ಲಿ ಅವ್ವನ ಕೈ ಬಲು ಚುರುಕು. ತೊಂದರೆ ಇದ್ದದ್ದು ಪ್ರಶ್ನೆಯಲ್ಲಿ. ಅದೂ ಒಂದೇ ಒಂದು ಪ್ರಶ್ನೆಯಲ್ಲಿ.

ರಾಧಿಕಾ ಎದ್ದು ಬ್ಯಾಂಡೇಜುಗಳನ್ನು ಕಿತ್ತು ಹಾಕಿದಳು. ಆಯಿಯ ಗಂಡ ಮುತ್ಯಾನ ಕನ್ನಡಕ ಹಾಕಿಕೊಂಡು ಪೇಶಂಟ್ ಇದ್ದವಳು ಡಾಕ್ಟರ್ ಆದಳು.

"ಒಳಗ ಬರ್ರಿ, ಕೂಡ್ರಿ" ಎಂದಳು ದಪ್ಪ ದನಿಯಲ್ಲಿ. "ನಿಮ್ಮ ಹೆಸರು ಇರ್ಲಿ, ಅದು ಗೊತ್ತದ. ನಿಮ್ಮ ಗಂಡನ ಹೆಸರೇನ್ರಿ?"

ಅವ್ವ ಸೆರಗು ಎಳೆದುಕೊಂಡು ತನ್ನ ಕಾಲ ಬೆರಳು ನೋಡಿದಳು. "ರಾಧೀ, ಬ್ಯಾರೆ ಏನರ ಕೇಳು."

"ಡಾಕ್ಟರ್ ಬ್ಯಾರೆ ಕೇಳಂಗಿಲ್ಲ."

ಅವ್ವ ಬಾಯಿ ತೆರೆದಳು, ಮುಚ್ಚಿದಳು. ಕೊನೆಗೆ ಅನ್ನ ಇಟ್ಟು ಬಂದಿದ್ದೇನೆ ಎಂದು ಒಳಗೆ ಹೋಗಿಬಿಟ್ಟಳು. ಅವತ್ತು ಅನ್ನ ಆಗಲೇ ಆಗಿತ್ತು.

ಅವರ ಕಡೆ ಹೆಂಗಸರು ಗಂಡನ ಹೆಸರು ಬಾಯಿಂದ ಹೇಳುವುದಿಲ್ಲ. ಹೇಳಿದರೆ ಗಂಡನಿಗೆ ಒಳ್ಳೆಯದಲ್ಲ ಎಂದು ಮೊದಲಿನಿಂದ ನಡೆದು ಬಂದಿದೆ. ಅವ್ವ ಓದಿದವಳು, ಅದನ್ನೆಲ್ಲ ನಂಬುವವಳಲ್ಲ. ಕಾಗದದ ಮೇಲೆ ಶಿವಕಾಂತ ಎಂದು ದುಂಡಗೆ ಬರೆಯುತ್ತಿದ್ದಳು ಕೂಡ. ಆದರೆ ನಾಲಿಗೆಗೆ ರೂಢಿ ಇಲ್ಲವಲ್ಲ, ಅದು ಹೊರಳುತ್ತಲೇ ಇರಲಿಲ್ಲ.

ಹೋದ ತಿಂಗಳು ಭಾಲ್ಕಿಯ ಒಂದು ಆಸ್ಪತ್ರೆಯಲ್ಲಿ ಹೀಗೇ ಆಗಿತ್ತು. ಅಲ್ಲಿಯ ಸಾಹೇಬರು ಗಂಡನ ಹೆಸರು ಕೇಳಿದರು. ಅವ್ವ ಸುಮ್ಮನೆ ನಿಂತಳು. ಇನ್ನೊಮ್ಮೆ ಕೇಳಿದಾಗ, ಬರೆದು ಕೊಡಲೇ ಎಂದಳು. ಕೂತವರೆಲ್ಲ ನಕ್ಕರು. ಆಮೇಲೆ ಅವಳ ಕೈ ನಡುಗಿತು, ನಾಡಿ ಎಲ್ಲಿದೆ ಎನ್ನುವುದೂ ಸಿಗಲಿಲ್ಲ. ಮನೆಗೆ ಬಂದು ಒಲೆಯ ಮುಂದೆ ಕಣ್ಣು ಒರೆಸಿಕೊಳ್ಳುತ್ತಾ, ಕಣ್ಣಿಗೆ ಹೊಗೆ ಹೋಯಿತು ಎಂದಳು. ಒಲೆ ಗ್ಯಾಸಿನದು.

ಅವತ್ತು ರಾಧಿಕಾಳಿಗೆ ಬಹಳ ಕೆಟ್ಟದೆನಿಸಿತ್ತು. ಸೋಮವಾರ ಹಾಗಾಗಲು ಬಿಡಬಾರದು ಎಂದು ಅವಳು ಪಣ ತೊಟ್ಟಿದ್ದಳು.

ಮರುದಿನ ಅವಳಿಗೆ ಭಾರೀ ಒಂದು ಉಪಾಯ ಹೊಳೆಯಿತು. ಅವರ ಕುರಿಹಟ್ಟಿಯಲ್ಲಿ ಹೊಸದಾಗಿ ಒಂದು ಕುರಿಮರಿ ಹುಟ್ಟಿತ್ತು, ಕರಿ ಮೈ, ಬಿಳಿ ಕಿವಿ. ರಾಧಿಕಾ ಅದಕ್ಕೆ ಶಿವಕಾಂತ ಎಂದು ಹೆಸರಿಟ್ಟಳು. ಮರಿ ದಿನಕ್ಕೆ ಹತ್ತು ಸಲ ಅಡುಗೆಮನೆಗೆ ನುಗ್ಗುತ್ತದೆ, ಅವ್ವ ಹತ್ತು ಸಲ ಕೂಗಬೇಕಾಗುತ್ತದೆ, ಸೋಮವಾರದ ಹೊತ್ತಿಗೆ ನಾಲಿಗೆ ಸಡಿಲವಾಗುತ್ತದೆ.

ಮರಿ ತನ್ನ ಕೆಲಸ ಸರಿಯಾಗಿ ಮಾಡಿತು. ಸಂಜೆಯೇ ಹಿಟ್ಟಿನ ಬುಟ್ಟಿಗೆ ಬಾಯಿ ಹಾಕಿತು. ಆದರೆ ಅವ್ವ "ಹೇ ಮರೀ, ಹೇ ಕರಿಯಾ" ಎಂದಳೇ ಹೊರತು ಹೆಸರು ಎತ್ತಲಿಲ್ಲ. ಮರಿ ಬೀದಿಗೆ ಓಡಿತು. ಹಿಂದೆ ರಾಧಿಕಾ ಓಡಿದಳು.

"ಏ ಶಿವಕಾಂತ, ನಿಂದ್ರು. ಕದ್ದು ಹಿಟ್ಟು ತಿಂತೀ ಏನು?"

ಅದೇ ಹೊತ್ತಿಗೆ ಹೊಲದಿಂದ ಬರುತ್ತಿದ್ದ ಅಪ್ಪ ಗಕ್ಕನೆ ನಿಂತು ಬಾಯಿ ಒರೆಸಿಕೊಂಡ. ಶಾಲುಬಾಯಿ ತನ್ನ ಬಾಗಿಲಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪ್ಪನಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಅವನೂ ನಕ್ಕ. ಮರಿಯ ಹೆಸರು ಮಾತ್ರ ಅವತ್ತೇ ಬದಲಾಯಿತು.

ಆಯಿ ನಗಲಿಲ್ಲ. ರಾಧಿಕಾಳನ್ನು ಹತ್ತಿರ ಕರೆದು, ಅವ್ವನನ್ನು ಯಾಕೆ ಕಾಡುತ್ತೀ ಎಂದು ಗದರಿದಳು.

ರಾಧಿಕಾ ಅವಳ ಮುಂದೆ ಕುಕ್ಕರಿಸಿದಳು. "ಆಯೀ, ಅವ್ವಗ ಎಲ್ಲಾ ಬರ್ತದ. ಇಂಜೆಕ್ಷನ್ ಸೂಜಿ ಮಾಡ್ಲಾಕ ಬರ್ತದ, ಬಿಪಿ ನೋಡ್ಲಾಕ ಬರ್ತದ. ಅದೊಂದು ಹೆಸರಿನ ಸಲುವಾಗಿ ನೌಕರಿ ಹೋಗ್ತದ ನೋಡು."

ಆಯಿ ಬಹಳ ಹೊತ್ತು ತೊಗರಿಯಲ್ಲಿ ಕೈಯಾಡಿಸುತ್ತಾ ಕೂತಳು. ಸೊಸೆ ಬೆಳಗಿನ ಜಾವ ಎದ್ದು ರೊಟ್ಟಿ ಬಡಿದಿಟ್ಟು ಕೋರ್ಸಿಗೆ ಓಡುತ್ತಿದ್ದುದನ್ನು ಅವಳೂ ನೋಡಿದ್ದಳು. ಅಡುಗೆಮನೆಯ ಕಡೆ ತಿರುಗಿ ಕೂಗಿದಳು.

"ರಾಧಿಕಾನ ಅವ್ವಾ, ಇಲ್ಲಿ ಬಾ. ಲಗ್ನದಾಗ ನಾವೆಲ್ಲಾ ಹೆಸರು ಹೇಳಿಲ್ಲೇನು? ಒಡಪು ಹಾಕಿ ಹೇಳಿದ್ರ ಯಾವ ದೋಷನೂ ಇಲ್ಲ."

ಒಡಪು ಎಂದರೆ ರಾಧಿಕಾಳಿಗೂ ಗೊತ್ತಿತ್ತು. ಮದುವೆಯ ಮನೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳು, ಆಮೇಲೆ ಒಳಗೆ ಬಾ ಎಂದು ಮದುಮಗಳನ್ನು ಕಾಡಿಸುತ್ತಾರೆ. ಆಗ ಅವಳು ಹೆಸರನ್ನು ಬರಿದೇ ಹೇಳುವುದಿಲ್ಲ. ಹೆಸರಿಗೆ ಪ್ರಾಸ ಕೂಡುವ ಹಾಗೆ ಎರಡು ಸಾಲಿನ ಪದ ಕಟ್ಟಿ, ಅದರ ಕೊನೆಯಲ್ಲಿ ಹೆಸರನ್ನು ಮೆಲ್ಲಗೆ ಕೂರಿಸಿಬಿಡುತ್ತಾಳೆ.

"ನಿಂದು ಹೇಳು ಆಯೀ" ಎಂದು ರಾಧಿಕಾ ದುಂಬಾಲು ಬಿದ್ದಳು.

ಆಯಿ ಸೆರಗು ಸರಿ ಮಾಡಿಕೊಂಡು, ಗಂಟಲು ಸರಿ ಮಾಡಿಕೊಂಡು, ರಾಗ ಎಳೆದಳು.

"ಬಿಸಿ ರೊಟ್ಟಿ ಮ್ಯಾಲ ಸುರವೇನಿ ತುಪ್ಪ,
ಕುರಿ ಹೊಡ್ಕೊಂಡು ಬರ್ತಾರ ನಮ್ಮ ಮಡೆಪ್ಪ."

ಸರಿಯಾಗಿ ಆಗಲೇ ಮುತ್ಯಾ ಕುರಿ ಹೊಡೆದುಕೊಂಡು ಬರಬೇಕೇ? ಹಟ್ಟಿಯ ಬಾಗಿಲಲ್ಲಿ ಕೋಲು ಹಿಡಿದು ಹಾಗೇ ನಿಂತುಬಿಟ್ಟ. ಆ ಸಂಜೆಯೆಲ್ಲ ಅವನು ಮನೆಯವರ ಕಡೆ ನೋಡದೆ ಕುರಿಗಳ ಕಡೆ ಮುಖ ಮಾಡಿಕೊಂಡು ಕೂತಿದ್ದ.

ಶಿವಕಾಂತನಿಗೆ ಒಡಪು ಕಟ್ಟುವ ಕೆಲಸ ರಾಧಿಕಾಳಿಗೆ ಬಿತ್ತು. ಶಾಲೆಯಲ್ಲಿ ಗಣಿತದ ಪಿರಿಯಡ್ ನಡೆದಾಗ ಅವಳು ಪ್ರಾಸ ಹುಡುಕಿದಳು. ಮೊದಲು ಸಿಕ್ಕಿದ್ದು ದಂತ. ಬಾಯಿಯ ಹಲ್ಲುಗಳ ಮೇಲೆ ಒಂದು ಒಡಪು ಕಟ್ಟಿ ತಂದಳು. ತಾನು ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತಿಲ್ಲ ಎಂದು ಅವ್ವ ಅದನ್ನು ತಳ್ಳಿ ಹಾಕಿದಳು. ಎರಡನೆಯದನ್ನು ಆಯಿಯೂ ಕೂಡಿ ತಿದ್ದಿದಳು.

"ಸೂಜಿ ಮಾಡೋ ಮುಂದ ಅಂತೇನಿ, ಇರ್ರಿ ಶಾಂತ,
ನರ್ಸ್ ಆಗು ಅಂತ ಕಳಿಸ್ಯಾರ ನಮ್ಮ ಶಿವಕಾಂತ."

ಕೇಳಿ ಅವ್ವ ನಕ್ಕೂ ನಕ್ಕೂ ಬಿಕ್ಕಳಿಸಿದಳು. ಹೇಳು ಎಂದರೆ ಮಾತ್ರ ತಲೆ ಅಲ್ಲಾಡಿಸಿದಳು. ಅಪ್ಪ ಅಲ್ಲೇ ಹಗ್ಗ ಹೊಸೆಯುತ್ತಾ ಕೂತಿದ್ದ.

"ಇಂಟರ್‌ವ್ಯೂದಾಗ ಪೂರಾ ಹೇಳಬ್ಯಾಡವ್ವಾ" ಎಂದು ರಾಧಿಕಾ ಟೀಚರಂತೆ ತಿಳಿಸಿ ಹೇಳಿದಳು. "ಒಡಪು ಮನಸಿನ್ಯಾಗ ಅನ್ಕೋ. ಹೆಸರು ಅಷ್ಟೇ ಹೊರಗ ಹೇಳು."

ಅವ್ವ ಹೂಂ ಎಂದಳು. ಆದರೆ ಭಾನುವಾರ ಕಳೆದರೂ ಅವಳು ಒಮ್ಮೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಸೋಮವಾರ ಅಪ್ಪನೇ, ರಾಧಿಕಾಳನ್ನೂ ಕರೆದುಕೊಂಡು ಹೋಗು, ಧೈರ್ಯಕ್ಕೆ ಇರಲಿ ಎಂದ. ಠಾಣಾ ಕುಶನೂರದಿಂದ ಬೀದರದ ಬಸ್ಸು ಹತ್ತಿದಾಗಿನಿಂದ ಹಿಡಿದು ಇಳಿಯುವವರೆಗೆ ಅವ್ವನ ತುಟಿ ಅಲುಗುತ್ತಲೇ ಇತ್ತು. ದನಿ ಹೊರಗೆ ಬರಲಿಲ್ಲ. ಬೀದರದಲ್ಲಿ ಇಳಿದು ಆಟೋದಲ್ಲಿ ಕೂತಾಗ ಅವಳ ಕೈ ಐಸಿನ ಹಾಗೆ ತಣ್ಣಗಿತ್ತು. ರಾಧಿಕಾ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

ಆಸ್ಪತ್ರೆಯ ಉದ್ದ ಕಾರಿಡಾರಿನ ಬೆಂಚುಗಳ ಮೇಲೆ ಬಹಳ ಜನ ಹೆಂಗಸರು ಫೈಲು ಹಿಡಿದು ಕೂತಿದ್ದರು. ಒಂದು ಬಾಗಿಲಿಗೆ ಹಸಿರು ಪರದೆ ಹಾಕಿತ್ತು. ಅದನ್ನು ಸರಿಸಿ ಜವಾನ ಹೊರಗೆ ಬಂದ.

"ನಲಿನಿ. ನಲಿನಿ ಅಂದ್ರ ಯಾರ್ರಿ?"

ಯಾರೂ ಏಳಲಿಲ್ಲ. ಈ ನಲಿನಿ ಎಲ್ಲಿ ಹೋದಳೋ ಎಂದು ರಾಧಿಕಾಳೂ ಆಚೆ ಈಚೆ ನೋಡಿದಳು. ಜವಾನ ಇನ್ನೊಮ್ಮೆ ಕೂಗಿದ. ಆಗ ಅವ್ವ ದಡಬಡಿಸಿ ಎದ್ದಳು. "ನಾನ್ರೀ" ಎಂದಳು.

ರಾಧಿಕಾಳಿಗೆ ವಿಚಿತ್ರವೆನಿಸಿತು. ಅವ್ವನ ಹೆಸರು ಅವಳಿಗೆ ಗೊತ್ತಿಲ್ಲ ಎಂದಲ್ಲ. ಶಾಲೆಯಲ್ಲಿ ಎಷ್ಟೋ ಸಲ ಬರೆದಿದ್ದಳು. ಯಾರಾದರೂ ಕೂಗಿ ಕರೆದದ್ದನ್ನು ಕೇಳಿದ್ದು ಮಾತ್ರ ಇದೇ ಮೊದಲು.

ಪರದೆಯ ಆಚೆ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ವಯಸ್ಸಾದ ಹೆಂಗಸೊಬ್ಬರ ದನಿ ಊರು ಯಾವುದು ಎಂದು ಕೇಳಿತು, ಎಷ್ಟು ಓದಿದ್ದೀರಿ ಎಂದು ಕೇಳಿತು. ಅವ್ವ ಹೇಳಿದಳು.

"ಗಂಡನ ಹೆಸರೇನ್ರಿ?"

ಫ್ಯಾನು ತಿರುಗುವುದೊಂದು ಕೇಳುತ್ತಿತ್ತು. ರಾಧಿಕಾ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹೇಳವ್ವಾ, ಹೇಳು, ಹೆಸರು ಅಷ್ಟೇ ಹೇಳು ಎಂದು ಮನಸ್ಸಿನಲ್ಲೇ ಗೋಗರೆದಳು.

ಅವ್ವನ ದನಿ ಬಂತು. ಬರೀ ಹೆಸರಲ್ಲ. ಸೂಜಿ ಮಾಡುವುದರಿಂದ ಶುರುವಾಗಿ, ಶಾಂತವನ್ನು ದಾಟಿ, ಶಿವಕಾಂತದವರೆಗೆ ಇಡೀ ಒಡಪು ಹೊರಗೆ ಬಂತು. ಅದೂ ಮದುವೆಯ ಮನೆಯ ರಾಗದಲ್ಲಿ, ಒಂದೇ ಉಸಿರಿಗೆ.

ಒಳಗೆ ಎಲ್ಲರೂ ಗೊಳ್ಳೆಂದು ನಕ್ಕರು. ಬೆಂಚಿನ ಮೇಲಿದ್ದವರೂ ನಕ್ಕರು.

ರಾಧಿಕಾ ಕಣ್ಣು ಮುಚ್ಚಿಕೊಂಡಳು. ಮುಗಿಯಿತು, ಭಾಲ್ಕಿಯ ಹಾಗೇ ಆಯಿತು, ಇನ್ನು ಅವ್ವನ ಕೈ ನಡುಗುತ್ತದೆ ಎಂದುಕೊಂಡಳು. ಒಡಪು ಕಲಿಸಿದ್ದೇ ತಪ್ಪಾಯಿತು ಎಂದು ಅಳು ಬಂದಿತು.

ಆದರೆ ಆ ನಗೆಯ ನಡುವೆ ಬಿಕ್ಕಳಿಸುವ ಇನ್ನೊಂದು ನಗೆ ಕೇಳಿತು. ಅದು ಅವ್ವನದೇ. ಅವ್ವನೂ ಅವರ ಜೊತೆ ನಗುತ್ತಿದ್ದಳು.

"ಇನ್ನೊಮ್ಮೆ ಹೇಳ್ರಿ" ಎಂದಿತು ಆ ವಯಸ್ಸಾದ ದನಿ. "ನಮ್ಮ ಡಾಕ್ಟರಿಗಿ ಪೂರಾ ಕೇಳ್ಸಿಲ್ಲ."

ಅವ್ವ ಇನ್ನೊಮ್ಮೆ ಹೇಳಿದಳು. ಈ ಸಲ ಇನ್ನೂ ಜೋರಾಗಿ.

ಆಮೇಲೆ ಟ್ರೇ ಸದ್ದಾಯಿತು. ಬಿಪಿ ಪಟ್ಟಿ ಬಿಚ್ಚುವ ಚರ್ ಸದ್ದು ಬಂತು. ಕೈ ಸಡಿಲ ಬಿಡಿ, ಅಂಜಬೇಡಿ ಎಂದು ಅವ್ವ ಯಾರಿಗೋ ಹೇಳುತ್ತಿದ್ದಳು. ಮನೆಯ ಅಂಗಳದಲ್ಲಿ ಮಾತಾಡಿದಷ್ಟೇ ಸಲೀಸಾಗಿ ಮಾತಾಡುತ್ತಿದ್ದಳು. ರಾಧಿಕಾ ಕಣ್ಣು ತೆರೆದು ನೆಟ್ಟಗೆ ಕೂತಳು.

ಅವ್ವನ ಜೊತೆ ಬೆಳ್ಳಿಗೂದಲಿನ ಹೆಡ್ ನರ್ಸ್ ಹೊರಗೆ ಬಂದರು. ಒಳಗೆ ಪ್ರಶ್ನೆ ಕೇಳಿದ ದನಿ ಅವರದೇ. ಒಂದನೇ ತಾರೀಖಿಗೆ ಬಂದು ಡ್ಯೂಟಿಗೆ ಸೇರಿಕೊಳ್ಳಿ ಎಂದರು. ರಾಧಿಕಾಳ ಗಲ್ಲ ಹಿಂಡಿ, ತಮ್ಮ ಯಜಮಾನರ ಮೇಲೂ ಒಂದು ಒಡಪು ಇದೆ, ಆದರೆ ಡ್ಯೂಟಿಯಲ್ಲಿ ಹೇಳುವಂಥದ್ದಲ್ಲ ಎಂದು ನಕ್ಕರು. ಆಮೇಲೆ ಅವ್ವನ ಕಡೆ ತಿರುಗಿದರು.

"ಬ್ಯಾಡ್ಜ್ ಮ್ಯಾಲ ಏನಂತ ಬರಸ್ಲಿ?"

"ನಲಿನಿ ಅಂತ ಬರಸ್ರಿ" ಎಂದಳು ಅವ್ವ. ಒಂದು ಚೂರೂ ತಡಮಾಡಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಬಿಸಿ ಮಿರ್ಚಿ ಭಜಿ ತಿಂದರು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ನಗು ನಿಲ್ಲಲಿಲ್ಲ. ಅವ್ವ ಆ ಒಡಪನ್ನು ಮೂರನೆಯ ಸಲ, ಯಾರೂ ಕೇಳದೆಯೇ ಹೇಳಿದಳು.

ಬಸ್ಸಿನಲ್ಲಿ ರಾಧಿಕಾ ಕಿಟಕಿಯ ಹತ್ತಿರ ಕೂತು ಯೋಚಿಸಿದಳು. ಮುತ್ಯಾ ಸೊಸಿ ಎನ್ನುತ್ತಾನೆ. ಆಯಿ ರಾಧಿಕಾನ ಅವ್ವ ಎನ್ನುತ್ತಾಳೆ. ಶಾಲುಬಾಯಿಯೂ ಹಾಗೇ ಎನ್ನುತ್ತಾಳೆ. ಅಪ್ಪನಂತೂ "ಏ, ಕೇಳ್ತೀ ಏನು" ಎಂದು ಗೋಡೆಯ ಕಡೆ ನೋಡಿ ಹೇಳುತ್ತಾನೆ. ಅವ್ವನನ್ನು ಹೆಸರು ಹಿಡಿದು ಕರೆಯುವ ಒಬ್ಬರನ್ನಾದರೂ ಹುಡುಕಿದಳು. ಊರು ಬಂದರೂ ಸಿಗಲಿಲ್ಲ.

ಅವರ ಓಣಿ ಊರಿನಾಚೆ, ಹೊಲಗಳ ಹತ್ತಿರ. ಅಪ್ಪ ಬೈಕು ತಂದು ಸ್ಟಾಪಿನಲ್ಲಿ ಕಾಯುತ್ತಿದ್ದ. ಎಂದಿನಂತೆ ಅವ್ವನನ್ನು ಕೇಳಬೇಕಾದ್ದನ್ನು ರಾಧಿಕಾಳ ಮುಖ ನೋಡಿ ಕೇಳಿದ. "ಏನಾತು?"

"ನಲಿನಿ ಸಿಸ್ಟರಿಗಿ ನೌಕರಿ ಸಿಕ್ತಪ್ಪಾ."

ಯಾರಿಗೆ ಎಂದು ಕೇಳಲು ಅಪ್ಪ ಬಾಯಿ ತೆರೆದ. ತೆರೆದದ್ದನ್ನು ಹಾಗೇ ಮುಚ್ಚಿದ. ಅವ್ವನ ಕಡೆ ತಿರುಗಿದ. ಅವ್ವ ಸೋಯಾಬೀನ್ ಹೊಲದ ಕಡೆ ನೋಡುತ್ತಾ ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು. ರಾಧಿಕಾ ಒಡಪಿನ ಕತೆಯನ್ನೆಲ್ಲ ಹೇಳಿದಳು. ಇಡೀ ಆಸ್ಪತ್ರೆಗೆ ಅಪ್ಪನ ಹೆಸರು ಗೊತ್ತಾಗಿದೆ ಎಂದಳು. ಅಪ್ಪನ ಕಿವಿ ಕೆಂಪಾಯಿತು. ಬೈಕಿಗೆ ಕಿಕ್ ಹೊಡೆದ. ಅದು ಶುರುವಾಗಲಿಲ್ಲ. ಇನ್ನೊಮ್ಮೆ ಹೊಡೆದ.

ರಾಧಿಕಾ ಮುಂದೆ ಟ್ಯಾಂಕಿನ ಮೇಲೆ, ಅವ್ವ ಹಿಂದೆ. ಸ್ವಲ್ಪ ದೂರ ಹೋದ ಮೇಲೆ ಅಪ್ಪ ಎರಡು ಸಲ ಕೆಮ್ಮಿದ.

"ನಲಿನೀ" ಎಂದ. "ಗಟ್ಟಿ ಹಿಡ್ಕೊಂಡು ಕೂಡು. ಮುಂದ ತಗ್ಗು ಅದಾವ."

ಹಿಂದಿನಿಂದ "ಹೂನ್ರೀ" ಎನ್ನುವ ಸಣ್ಣ ದನಿ ಬಂತು.

ರಾಧಿಕಾ ಮುಂದೆ ನೋಡಿದಳು. ಆ ರಸ್ತೆಗೆ ಮೊನ್ನೆಯಷ್ಟೇ ಹೊಸ ಡಾಂಬರು ಹಾಕಿದ್ದರು. ಮನೆಯವರೆಗೆ ಎಲ್ಲೂ ತಗ್ಗಿರಲಿಲ್ಲ. ಅವಳು ಅದನ್ನು ಹೇಳಲಿಲ್ಲ. ಅವ್ವನ ಮುಖ ನೋಡುವ ಆಸೆ ಬಹಳವಿತ್ತು, ಆದರೂ ಹಿಂದೆ ತಿರುಗಲಿಲ್ಲ.