ರಿಬ್ಬನ್ ಕಟ್ಟಿದ ಕ್ರೇಟು

ಮ್ಯಾನೇಜರ್ ಅಮರನಾಥ್ ಸರ್ ಅವರ ಬೆರಳು ಮೌನಿಕಾ ಅಂಟಿಸಿದ್ದ ದೊಡ್ಡ ಕೆಂಪು ಚೀಟಿಯ ಮೇಲೆ ಬಂದು ನಿಂತಿತು.

“ಈ ಟೇಬಲ್ ತೆಗೆದುಬಿಡೋಣ, ಕನ್ವೇಯರ್ ಬೆಲ್ಟ್ ಹಾಕ್ಸೋಣ. ಕದಿರೇಶ್ ಸೋಮವಾರದಿಂದ ಬೈರಕೂರಿನ ಖರೀದಿ ಸೆಂಟರ್‌ಗೆ ಹೋಗ್ಲಿ.”

ಶ್ರೀನಿವಾಸಪುರದ ಆ ಮಾವಿನ ಪಲ್ಪ್ ಫ್ಯಾಕ್ಟರಿಯ ಗೋಡೆಗೆ ಕಂದು ಕಾಗದ ಅಂಟಿಸಿದವಳು ಅವಳೇ. ಟ್ರೈನಿಯಾಗಿ ಅವಳಿಗೆ ಕೊಟ್ಟ ಮೊದಲ ಕೆಲಸ ವ್ಯಾಲ್ಯೂ ಸ್ಟ್ರೀಮ್ ಮ್ಯಾಪ್. ಲಾರಿಯಿಂದ ಇಳಿದ ಕಾಯಿ ಡಬ್ಬಿ ಸೇರುವವರೆಗಿನ ದಾರಿಯನ್ನು, ಎಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಅದರ ಮೇಲೆ ಬರೆಯಬೇಕಿತ್ತು. ಹಣ್ಣು ಮಾಗುವಲ್ಲಿ, ತೊಳೆಯುವಲ್ಲಿ, ಪಲ್ಪ್ ಆಗುವಲ್ಲಿ ಹಸಿರು ಚೀಟಿ. ಸುಮ್ಮನೆ ಕಾದು ಕೂರುವಲ್ಲಿ ಕೆಂಪು, ಹೆಚ್ಚು ಕಾದಷ್ಟೂ ದೊಡ್ಡದು. ಎಲ್ಲಕ್ಕಿಂತ ದೊಡ್ಡ ಕೆಂಪು ಕದಿರೇಶನ ಟೇಬಲ್ಲಿಗೇ ಬಿದ್ದಿತ್ತು. ಮಾಗಿದ ಹಣ್ಣನ್ನು ಒತ್ತಿ ನೋಡಿ ಆರಿಸುವ ಟೇಬಲ್ ಅದು.

ಕದಿರೇಶ್ ಬಾಗಿಲಲ್ಲೇ ನಿಂತಿದ್ದ. ಅವಳನ್ನು ಒಮ್ಮೆ ನೋಡಿ ಹೊರಟುಹೋದ.

ಅವನು ಮೊದಲಿನಿಂದಲೂ ಹಾಗೇ, ಮಾತು ಕಡಿಮೆ. ಅವಳು ಒಂದು ಕ್ರೇಟಿಗೆ ಹಳದಿ ರಿಬ್ಬನ್ ಕಟ್ಟಿ, ಅದು ಹೋದಲ್ಲೆಲ್ಲ ಗಡಿಯಾರ ಹಿಡಿದು ಹಿಂದೆ ನಡೆಯುತ್ತಿದ್ದಳು. ಅವನ ಟೇಬಲ್ ಬಳಿ ಕ್ರೇಟು ನಿಂತರೆ ಅವಳೂ ನಿಲ್ಲಬೇಕು. ಅವನು ಬಾದಾಮಿ ಮಾವಿನ ಒಂದು ಹೋಳು ಕೊಯ್ದು, ಮುಖ ನೋಡದೆ ಅವಳತ್ತ ಚಾಚುತ್ತಿದ್ದ. ಇಬ್ಬರ ನಡುವೆ ಮಾತಿಲ್ಲದ ಆ ಹೊತ್ತು ಅವಳಿಗೆ ಹಿತವಾಗಿತ್ತು. ಆ ನಿಮಿಷಗಳನ್ನೇ ಅವಳು ಕೆಂಪು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದಳು.

ಅವಳು ಕದಿರೇಶನ ಟೇಬಲ್ ಇದ್ದ ಶೆಡ್ಡಿಗೆ ಹೋದಾಗ, ಅಲ್ಲೇ ಹಣ್ಣು ಆರಿಸುತ್ತಿದ್ದ ಆದಿಲಕ್ಷ್ಮಮ್ಮ ತಲೆ ಎತ್ತಲಿಲ್ಲ. ಇಲ್ಲಿ ಕ್ರೇಟು ಯಾಕೆ ಇಷ್ಟು ಹೊತ್ತು ನಿಲ್ಲುತ್ತದೆ ಎಂದು ಮೌನಿಕಾ ಕೇಳಿದಳು.

“ಎಲ್ಲಿ ನಿಲ್ತದೆ? ನೀನು ರಿಬ್ಬನ್ ಕಟ್ಟಿದ್ದು ಮಾತ್ರ ಕಣಮ್ಮ ನಿಲ್ಲೋದು. ಮಿಕ್ಕಿದ್ದೆಲ್ಲ ಬಂದಂಗೇ ಹೋಗ್ತವೆ. ನಿನ್ನ ಕ್ರೇಟನ್ನ ಅವನು ಹಿಂದಕ್ಕೆ ಇಡ್ತಾನೆ. ನಾವೆಲ್ಲ ನೋಡಿ ನಗ್ತಾ ಇದ್ವಿ, ನಿನಗೆ ಗೊತ್ತು ಅಂದ್ಕೊಂಡ್ವಿ.”

ಮೌನಿಕಾ ಪಕ್ಕದ ಖಾಲಿ ಕ್ರೇಟಿನ ಮೇಲೆ ಕೂತಳು. ಕಾಲೇಜಿನಲ್ಲಿ ಕಲಿತ ಯಾವ ಪಾಠದಲ್ಲೂ ಇಂಥ ವಿಳಂಬಕ್ಕೆ ಹೆಸರಿರಲಿಲ್ಲ.

ಕದಿರೇಶ್ ನಲ್ಲಿಯ ಬಳಿ ಕೈ ತೊಳೆಯುತ್ತಿದ್ದ.

“ಸರ್ ಹಂಗಂದಾಗ ಯಾಕ್ರೀ ಸುಮ್ನಿದ್ರಿ?” ಅವಳು ಕೇಳಿದಳು.

“ಏನ್ ಹೇಳ್ಲಿ ಮೇಡಂ? ಮೇಡಂ ಸ್ವಲ್ಪ ಹೊತ್ತು ನಿಲ್ಲಲಿ ಅಂತ ಹಣ್ಣು ಹಿಡ್ಕೊಂಡಿದ್ದೆ ಅಂತ ಸರ್ ಮುಂದೆ ಹೇಳ್ಬೇಕಿತ್ತಾ?”

ನೀರು ಸುರಿಯುತ್ತಲೇ ಇತ್ತು. ಇಬ್ಬರಿಗೂ ನಲ್ಲಿ ನಿಲ್ಲಿಸುವುದು ಹೊಳೆಯಲಿಲ್ಲ.

ಮಧ್ಯಾಹ್ನ ಅವಳು ಅಮರನಾಥ್ ಸರ್ ಮುಂದೆ ನಿಂತು, ಅಳತೆ ತಪ್ಪಾಗಿದೆ, ಇನ್ನೊಮ್ಮೆ ಕ್ರೇಟಿನ ಹಿಂದೆ ಹೋಗಿ ಅಳೆಯುತ್ತೇನೆ ಎಂದಳು. ಮ್ಯಾಪ್ ತಪ್ಪಾದರೆ ಕೆಲಸ ಖಾಯಂ ಆಗುವುದು ಕಷ್ಟವೆಂದು ಅವರು ನೆನಪಿಸಿದರು. ಗೊತ್ತು ಎಂದಳು.

ಮರುದಿನ ರಿಬ್ಬನ್ ಕಟ್ಟಲಿಲ್ಲ. ಕ್ರೇಟಿನ ತಳದಂಚಿಗೆ ಸಣ್ಣದೊಂದು ಸೀಮೆಸುಣ್ಣದ ಗುರುತು ಹಾಕಿ, ದೂರದಲ್ಲಿ ನಿಂತು ನೋಡಿದಳು. ಕ್ರೇಟು ಅವನ ಟೇಬಲ್ಲಿಗೆ ಬಂತು, ಕೈಗಳು ಓಡಿದವು, ಹೊರಟೇಹೋಯಿತು. ಅವಳು ಸಮಯ ಬರೆದುಕೊಂಡು, ಖಾಲಿಯಾದ ಆ ಜಾಗವನ್ನು ಇನ್ನೊಮ್ಮೆ ನೋಡಿದಳು. ಹಣ್ಣು ನಿಜವಾಗಿ ಕಾಯುತ್ತಿದ್ದದ್ದು ಮುಂದೆ, ಡಬ್ಬಿ ತೊಳೆಯುವುದು ತಡವಾಗುತ್ತಿದ್ದಲ್ಲಿ. ಅಮರನಾಥ್ ಸರ್ ತಾವೇ ಬಂದು ನಿಂತು ನೋಡಿ, ಕೆಂಪು ಚೀಟಿ ಕಿತ್ತು ಅಲ್ಲಿಗೆ ಅಂಟಿಸಿದರು. ಬೈರಕೂರಿನ ಮಾತು ಅಲ್ಲಿಗೇ ನಿಂತಿತು. ಅವಳ ಕೆಲಸ ಖಾಯಂ ಆಗುವ ಮಾತು ಮಾತ್ರ ಹಾಗೇ ಉಳಿಯಿತು.

ಊಟದ ಬೆಲ್ ಹೊಡೆಯಿತು. ಕದಿರೇಶನ ಟೇಬಲ್ ಮೇಲೆ ಒಂದು ಹಣ್ಣೂ ಇರಲಿಲ್ಲ. ಅವಳು ಬಂದು ಗಡಿಯಾರವನ್ನು ಮಗುಚಿ ಇಟ್ಟಳು.

“ಇನ್ಮೇಲೆ ಕ್ರೇಟ್ ಹಿಡಿಬೇಡಿ. ನಾನು ನಿಲ್ಬೇಕು ಅಂದ್ರೆ ನನ್ನನ್ನೇ ಕೇಳಿ.”

ಅವನು ಕೈ ಒರೆಸಿಕೊಂಡ. ಕಿವಿಗಳು ಕೆಂಪಾದವು.

“ನಿಂತ್ಕೊಳ್ಳಿ,” ಎಂದ.

ಅವಳು ನಿಂತಳು.