ಸೆರೆಯಾಳಿನ ಮಂಚದ ಮೇಲೆ ಅಡಿವೆಯ್ಯ

ನಸುಕಿನಲ್ಲಿ ಎಲ್ಲರ ಕಣ್ಣೆದುರೇ, ಗಾಡಿಯ ಮೇಲೆ ಕಟ್ಟಿದ ಶವದ ಮಂಟಪ 'ವಿಮಾನ'ದಲ್ಲಿ ಕುಳಿತು, ಮುಖ ಮುಚ್ಚುವಷ್ಟು ಹೂವು ಹೊತ್ತು ಊರಿಗೆ ಹೊರಟಿದ್ದ ಹೆಣ ಬಿಸಿಲೇರುವಷ್ಟರಲ್ಲಿ ಸೆರೆಯಾಳಿನ ಮಂಚದ ಮೇಲೆ ಮಲಗಿತ್ತು! ಕಂಬಳಿ ಎಳೆದ ಮೇಜರ್ ಸಾಹೇಬರು ಹೌಹಾರಿದರು. ಕಂಪೌಂಡರ್ ದುರ್ಗಪ್ಪ ಬಗ್ಗಿ ಮುಖ ನೋಡಿದ. ಅಡಿವೆಯ್ಯನೇ.

೧೯೬೧ರ ಡಿಸೆಂಬರ್. ಗೋವಾ ಗಡಿಯಲ್ಲಿ ಕಾಳಗ ನಡೆದಿತ್ತು. ದಾಂಡೇಲಿ ಪಕ್ಕದ ಮೌಳಂಗಿಯ ಶಾಲೆ ಸೈನ್ಯದ ಆಸ್ಪತ್ರೆಯಾಗಿತ್ತು. ಹಿಂದಿನ ದಿನ ಇಬ್ಬರನ್ನು ಹೊತ್ತು ತಂದಿದ್ದರು. ಒಬ್ಬ, ಸೈನ್ಯದ ಸಾಮಾನು ಸಾಗಿಸುವಾಗ ಸಿಡಿಮದ್ದಿಗೆ ಸಿಕ್ಕ ಹಳಿಯಾಳದ ಗಾಡಿಕಾರ ಅಡಿವೆಯ್ಯ. ಇನ್ನೊಬ್ಬ, ತೊಡೆಗೆ ಗುಂಡು ತಗುಲಿ ಸೆರೆಸಿಕ್ಕ ಪೋರ್ಚುಗೀಜ್ ಸಿಪಾಯಿ. ಉಳಿದಿದ್ದುದು ಒಂದೇ ಬಾಟಲಿ ರಕ್ತ. ಬದುಕಬಲ್ಲವನಿಗೆ ಕೊಡಬೇಕೆಂದು ಕಾರವಾರದ ಕ್ಯಾಪ್ಟನ್ ಡಾಕ್ಟರ್ ನಾಡಕರ್ಣಿ ಅದನ್ನು ಶತ್ರುವಿಗೇ ಏರಿಸಿದರು. ಸಂಜೆಗೆ ಅಡಿವೆಯ್ಯ ತೀರಿಕೊಂಡ.

"ಮದ್ದು ಹೂತ ಜಾಗ ಸೆರೆಯಾಳಿಗೆ ಗೊತ್ತು. ಅದನ್ನು ತೋರಿಸಲು ಅವನನ್ನು ಜೀಪಿನಲ್ಲಿ ಘಟ್ಟಕ್ಕೆ ಒಯ್ದರೆ ಸಾಯುತ್ತಾನೆಂದು ನಿನ್ನೆ ಸಂಜೆ ಎಲ್ಲರೆದುರು ಹಟ ಹಿಡಿದವರು ಈ ಡಾಕ್ಟರೇ. ಅವನನ್ನು ಸಾಗಿಸಿದವರೂ ಇವರೇ. ಕೋರ್ಟ್ ಮಾರ್ಷಲ್ ಮಾಡಿಸುತ್ತೇನೆ!" ಮೇಜರ್ ಗುಡುಗಿದರು. ಹಳಿಯಾಳದ ದಾರಿಗೆ ಓಡಿದ ಜೀಪು ಗಾಡಿ ಸಿಗದೆ ಮರಳಿತು.

ಆ ಸುತ್ತಿನಲ್ಲಿ ಏನು ಕಳೆದರೂ ಜನ ಕರೆಯುತ್ತಿದ್ದುದು ಪಿಂಚಣಿ ಪಡೆಯುವ ಪೊಲೀಸ್ ಫೌಜದಾರ ಬಸಲಿಂಗಯ್ಯನವರನ್ನೇ. ಅವರ ಬೆನ್ನು ಬಿಡದ ಶಿಷ್ಯ ದುರ್ಗಪ್ಪ ಓಡಿಹೋಗಿ ಕರೆತಂದ. ಅವರು ಹೆಣದ ಮೊಣಕಾಲು ಮಡಚಲು ನೋಡಿದರು. ಮಣಿಯಲಿಲ್ಲ.

"ಸಂಜೀಕ ಇವನ್ನ ಯಾಕ ಕುಂದ್ರಸಲಿಲ್ಲೋ ದುರ್ಗಪ್ಪಾ?"

"ಹೆಂಡತಿ ಹೊಳೆವ್ವ ಬ್ಯಾಡ ಅಂದ್ಲ್ರಿ. ಮಲಗ್ಲಿ, ಮುಂಜಾನಿ ಕುಂದ್ರಸೂಣು ಅಂದ್ಲು."

ಹೊಳೆವ್ವ ಬೆಳಗಿನಿಂದಲೂ ಜಗಲಿಯ ಕಂಬಕ್ಕೊರಗಿ ಕುಳಿತೇ ಇದ್ದಳು. ಅವಳನ್ನೊಮ್ಮೆ ನೋಡಿ ಬಸಲಿಂಗಯ್ಯ ಎಲ್ಲಿಗೋ ಫೋನ್ ಹಚ್ಚಿದರು. ಆಮೇಲೆ ಎಲ್ಲರನ್ನೂ ಜಗಲಿಗೆ ಕರೆದರು.

"ನಮ್ಮ ಮಂದ್ಯಾಗ ಹೆಣಾ ಕುಂದ್ರಿಸಿ ಮಣ್ಣು ಮಾಡ್ತಾರ್ರಿ ಮೇಜರ್ ಸಾಹೇಬ್ರ. ಜೀವ ಹೋದಕೂಡ್ಲೆ ಕುಂದ್ರಿಸಿ ಗ್ವಾಡಿಗೆ ಆನಿಸಿ ಕಟ್ಟತಾರ. ಮಲಗಿಸಿ ಬಿಟ್ರ ಮೈ ಸೆಟದು ಮುಂಜಾನಿಗೆ ಮಣಿಯೂದಿಲ್ಲ. ಇದು ಹೊಳೆವ್ವಗ ಚೊಲೋ ಗೊತ್ತು. ಆದ್ರೂ ಮುಂಜಾನಿಗೆ ದೂಡಿದ್ಲು ಅಂದ್ರ, ಕುಂದ್ರಸೂ ಮನಷ್ಯಾ ಬ್ಯಾರೆ ಅಂತ ಸಂಜೀಕೇ ಗಟ್ಟಿ ಮಾಡಿದ್ಲು. ಕಾರವಾರದ ಡಾಕ್ಟರಿಗೆ ಈ ಪದ್ಧತಿ ಎಲ್ಲಿಂದ ಗೊತ್ತಿರಬೇಕು? ಇದು ಅವರ ಕೆಲಸ ಅಲ್ಲ." ಅವರು ಅವಳತ್ತ ತಿರುಗಿದರು. "ಇನ್ನೊಂದು ಹೇಳವ್ವಾ. ಗಂಡನ ಗಾಡಿ ಸಂಗಾಟ ನೀ ಯಾಕ ಹೋಗಲಿಲ್ಲ?"

"ಅವರು ಇಲ್ಲೇ ಅದಾರಲ್ರೀ," ಎಂದಳು ಹೊಳೆವ್ವ.

ದುಃಖಕ್ಕೆ ಕಾಲು ಸೋತು ಕುಳಿತಿದ್ದಾಳೆಂದು ದುರ್ಗಪ್ಪ ಅಂದುಕೊಂಡಿದ್ದ. ಅವಳು ಗಂಡನನ್ನು ಕಾಯುತ್ತಿದ್ದಳು.

"ಹೂವಿನ ಮರಿಗೆ ಕುಂತಾಂವ ಸೆರೆಯಾಳು, ಗಾಡಿ ಹೊಡದಾಂವ ಇಕಿ ತಮ್ಮ ಲಗಮಪ್ಪ," ಬಸಲಿಂಗಯ್ಯ ಮುಗಿಸಿದರು. "ಈಗ ಗಾಡಿ ದಾಂಡೇಲಿ ದವಾಖಾನಿ ಮುಂದ ನಿಂತೈತಿ. ಸೆರೆಯಾಳು ಒಳಗದಾನ, ಬಾಗಲದಾಗ ಪೊಲೀಸ್ರು ಅದಾರ. ಜೀಪಿನ್ಯಾಗ ಸತ್ತಾಂವ ನಿಮಗ ದಾರಿ ತೋರಸ್ತಿದ್ದಿಲ್ರಿ. ಉಳದ ಮ್ಯಾಲೆ ಹೋಗಿ ಕೇಳ್ರಿ."

ಮೇಜರ್ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಡಾಕ್ಟರ್ ಹೊಳೆವ್ವನ ಮುಂದೆ ಬಂದು ನಿಂತರು.

"ನಿನ್ನ ಗಂಡನಿಗೆ ನಾನು ರಕ್ತ ಕೊಡಲಿಲ್ಲ. ಸಿಟ್ಟಿಲ್ಲವೇನಮ್ಮಾ?"

"ಐತ್ರಿ. ಸಾಯೂತನಕ ಇರ್ತೈತಿ. ಆದ್ರ ನಮ್ಮವರ ಪಾಲಿಂದು ಅವನ ಮೈಯಾಗ ಹರ್ಯಾಕ ಹತ್ತೈತಿ. ಅದನ್ನ ಘಟ್ಟದಾಗ ಚೆಲ್ಲಾಕ ನಾ ಹೆಂಗ ಬಿಡ್ಲಿ?" ಅವಳು ಸೆರಗು ಬಿಗಿದು ಎದ್ದಳು. "ಕುಣಿ ಉದ್ದಕ ತೋಡಸ್ರಿ. ಇವರು ಇನ್ನ ಕುಂದ್ರೂದಿಲ್ಲ."

ದುರ್ಗಪ್ಪ ಗುದ್ದಲಿ ತಂದ. ಡಾಕ್ಟರ್ ಅದನ್ನು ಅವನ ಕೈಯಿಂದ ತೆಗೆದುಕೊಂಡರು.