ಕೋಟಿನ ಒಳಗಿನ ಹೊಲಿಗೆ

"ಮತ್ತೆ ಎಡಗೈ!" ಮಹಾದೇವಮ್ಮ ಟೀಚರು ಕರ್ಚೀಫಿನ ಅಂಚನ್ನು ಬೆಳಕಿಗೆ ಹಿಡಿದರು. "ಎಲ್ಲರ ಹೆಮ್ಮಿಂಗೂ ಒಂದು ಕಡೆ ಬಾಗಿದ್ರೆ ನಿಂದು ಇನ್ನೊಂದು ಕಡೆ. ಬಿಚ್ಚು. ನಾಳೆ ನನ್ನೆದುರಿಗೆ ಬಲಗೈಲಿ ಹೊಲೀಬೇಕು."

"ಎಡಚಿ, ಎಡಚಿ" ಎಂದು ಪಕ್ಕದ ಅನ್ನಪೂರ್ಣ ಪಿಸುಗುಟ್ಟಿದಳು.

ಮುದ್ದಕ್ಕ ದಾರ ಬಿಚ್ಚತೊಡಗಿದಳು. ಕೊನೇ ಸಾಲಿನಲ್ಲಿ ಗೋಡೆಗೆ ಒತ್ತಿ ಕೂತು, ಕೈ ಮುಚ್ಚಿಕೊಂಡು ಹೊಲಿದರೂ ಟೀಚರಿಗೆ ಗೊತ್ತಾಗಿಬಿಡುತ್ತದೆ!

ಸಂಜೆ ಬಲಗೈಯಲ್ಲಿ ಸೂಜಿ ಹಿಡಿದು ಅವಳು ಮೂರನೇ ಸಲ ಬೆರಳು ಚುಚ್ಚಿಕೊಳ್ಳುವ ಹೊತ್ತಿಗೆ ಅಪ್ಪ ಕಾಟಲಿಂಗಪ್ಪ ಬಂದ. ಅವನಿಗೆ ಚಿಕ್ಕಜಾಜೂರಿನಲ್ಲಿ ರೈಲು ಹಳಿ ನೋಡಿಕೊಳ್ಳುವ ಕೆಲಸ. ಹೆಗಲ ಮೇಲೆ ಹೊಳಲ್ಕೆರೆ ಸಂತೆಯಲ್ಲಿ ಕೊಂಡ ಹಳೇ ಉಣ್ಣೆ ಕೋಟಿತ್ತು, ಮೊಣಕಾಲು ಮುಟ್ಟುವಷ್ಟು ಉದ್ದದ್ದು.

"ಫಾರಿನ್ ಮಾಲು ಕಣೆ! ನಡಿ, ಯಾರು ಹೊಲಿದಿದ್ದು ಅಂತ ಮುರುಗಪ್ಪಾರನ್ನ ಕೇಳಾಣ. ಒಳಗೆ ಒಂಚೂರು ಹರಿದೂ ಐತೆ."

ಟೈಲರ್ ಮುರುಗಪ್ಪ ಕೋಟಿನ ಕಾಲರ್ ಮಡಚಿ ನೋಡಿದರು. "ಲೇಬಲ್ ಕಿತ್ತೋಗೈತೆ. ಯಾರ ಕೈಕೆಲಸ ಅಂತ ಹೆಂಗೆ ಹೇಳಾದು?"

"ಫಾರಿನ್ನೇ ಅಂತೀನಿ."

"ಆಗ್ಲಪ್ಪ. ಇಂಗ್ಲೆಂಡ್ ರಾಣಿನೇ ಕುಂತು ಹೊಲಿದಿರ್ಬೇಕು!"

ಮುದ್ದಕ್ಕ ಜೋತುಬಿದ್ದಿದ್ದ ಲೈನಿಂಗ್ ಎತ್ತಿ ಇಣುಕಿದಳು. ಎಳ್ಳಿನಷ್ಟು ಸಣ್ಣ ಹೊಲಿಗೆಗಳು. ಎಲ್ಲವೂ ಅವಳ ಕರ್ಚೀಫಿನಲ್ಲಿದ್ದ ಹಾಗೇ ಆ ಇನ್ನೊಂದು ಕಡೆಗೆ ಬಾಗಿದ್ದವು.

"ಅಪ್ಪಾ, ಇದನ್ನ ಹೊಲಿದೋರೂ ಎಡಚರು!"

ಮುರುಗಪ್ಪ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಅಂಗಡಿಯ ಹಿಂದಿದ್ದ ಪರದೆ ಕಡೆ ತಿರುಗಿ, "ಏ ಗಿರಿಯಮ್ಮ, ಬಾ ಇಲ್ಲಿ" ಎಂದರು.

ಅವರ ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದರು. ಲೈನಿಂಗಿನ ಮೇಲೆ ಬೆರಳಾಡಿಸಿದರು.

"ಅಯ್ಯ, ಇದು ನಮ್ ಕೋಟು! ಹಿಂದಿದ್ದ ಸ್ಟೇಷನ್ ಮಾಸ್ಟರಿಗೆ ಹೊಲಿದಿದ್ದು. ಆಗ ಹಿರೇಮಗ ಹೊಟ್ಟೇಲಿದ್ದ."

"ಹೌದಲ್ಲ! ನಾನೇ ಹೊಲಿದು ನಾನೇ ಮರ್ತಿದ್ದೀನಿ ನೋಡು."

"ನೀವು ಮಿಷನ್ ತುಳಿದ್ರಿ. ಒಳಗಿನ ಕೈಹೊಲಿಗೆ? ಕಾಜ? ಗುಂಡಿ?"

ಮುರುಗಪ್ಪ ಎದುರಿಗೇ ಇದ್ದ ಕತ್ತರಿಯನ್ನು ಹುಡುಕತೊಡಗಿದರು. ಅಪ್ಪ ಜೋರಾಗಿ ನಕ್ಕ. "ಹಂಗಾದ್ರೆ ಗಿರಿಯಮ್ಮಾರೇ ನಮ್ ಫಾರಿನ್ನು!"

ಗಿರಿಯಮ್ಮ ಕೂತು, ಎಡಗೈಯಲ್ಲಿ ಸೂಜಿ ಹಿಡಿದು, ಹರಿದಲ್ಲಿ ಹೊಲಿಯತೊಡಗಿದರು. ಕೈ ಸರಸರನೆ ಓಡಿತು. ಮುದ್ದಕ್ಕ ಹತ್ತಿರ ಸರಿದಳು.

"ಅಜ್ಜಿ, ನಿಮ್ಗೆ ಯಾರೂ ಬೈತಿರ್ಲಿಲ್ವಾ?"

"ಪರದೆ ಹಿಂದೆ ಕುಂತು ಹೊಲೀತಿದ್ದೆ ಕಣವ್ವ. ಕಂಡ್ರೆ ತಾನೆ ಬಯ್ಯಾದು?" ಗಿರಿಯಮ್ಮ ದಾರವನ್ನು ಹಲ್ಲಿನಿಂದ ಕಡಿದರು. "ಚೆನ್ನಾಗೈತೆ ಅನ್ನಾಕೂ ಯಾರಿಗೂ ಕಾಣ್ಲಿಲ್ಲ."

ಹೊರಗೆ ಬರುವಾಗ ಮುದ್ದಕ್ಕ ತಲೆಯೆತ್ತಿ ಬೋರ್ಡ್ ಓದಿದಳು: 'ಮುರುಗಪ್ಪ ಟೈಲರ್'. ಅಷ್ಟೇ ಇತ್ತು.

ಮರುದಿನ ಹೊಲಿಗೆ ಪೀರಿಯಡ್. ಮುದ್ದಕ್ಕ ಕೊನೇ ಸಾಲಿನಿಂದ ಎದ್ದು ಬಂದು ಮೊದಲನೇ ಸಾಲಿನಲ್ಲಿ, ಟೀಚರ ಮೇಜಿನ ಎದುರಿಗೇ ಕೂತಳು.

"ಏಯ್, ಅಲ್ಯಾಕೆ ಕುಂತೆ? ಕಾಣ್ಸುತ್ತೆ ಕಣೆ!" ಎಂದಳು ಅನ್ನಪೂರ್ಣ.

ಟೀಚರ ಚಪ್ಪಲಿ ಸದ್ದು ಹತ್ತಿರ ಬಂದು ನಿಂತಿತು. ಆದರೂ ಮುದ್ದಕ್ಕ ಎಡಗೈಯನ್ನು ಮುಚ್ಚಿಕೊಳ್ಳಲಿಲ್ಲ. ಒಂದು ಹೊಲಿಗೆ ಹಾಕಿದಳು. ಅದರ ಪಕ್ಕದಲ್ಲಿ ಇನ್ನೊಂದು.